ಮೂರು ದಿನದ ಔಷಧ

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ 21 ದಿನಕ್ಕೊಮ್ಮೆ ಒಂದು ಕೆಂಪು ಗುರುತು ಬೀಳುತ್ತದೆ. ಹೊಸ ಕ್ಯಾಲೆಂಡರ್ ಮನೆಗೆ ಬಂದ ದಿನವೇ ನನ್ನ ಹೆಂಡತಿ ಕೂತು ಎಣಿಸಿ, ವರ್ಷಕ್ಕಾಗುವಷ್ಟು ಗುರುತು ಹಾಕಿ ಮುಗಿಸುತ್ತಾಳೆ. ನೋಡಿದವರು ಗ್ಯಾಸ್ ಸಿಲಿಂಡರಿನ ಲೆಕ್ಕ ಅಂದುಕೊಳ್ಳುತ್ತಾರೆ. ಅದು ನಮ್ಮ ಸಣ್ಣ ಮಗಳಿಗೆ ಪೆನಿಸಿಲಿನ್ ಸೂಜಿ ಮಾಡಿಸುವ ದಿನ. ಆ ಗುರುತು ಅಲ್ಲಿಗೆ ಬಂದದ್ದರಲ್ಲಿ ನನ್ನ ಪಾಲು ದೊಡ್ಡದು. ಇಷ್ಟನ್ನು ಬಾಯಿಬಿಟ್ಟು ಹೇಳಲು ನನಗೆ ಎರಡು ವರ್ಷ ಹಿಡಿಯಿತು.

ನಾನು ಹುನಗುಂದ ತಾಲ್ಲೂಕಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವ ಮಾಸ್ತರ. ನಮ್ಮ ಓಣಿಯಲ್ಲಿ ಯಾರಿಗೆ ಏನಾದರೂ ‘ಸರ್ರನ್ನ ಒಂದ್ ಮಾತ ಕೇಳ್ರಿ’ ಅನ್ನುವ ರೂಢಿ. ಗುಳಿಗೆ ಪಟ್ಟಿ ತಂದು ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳುತ್ತಾರೆ. ರಕ್ತ ಪರೀಕ್ಷೆಯ ಚೀಟಿ ತಂದು ಓದಿಸಿಕೊಂಡು ಹೋಗುತ್ತಾರೆ. ಕೇಳುವವರು ಹೆಚ್ಚಾದ ಹಾಗೆ, ಕೇಳದಿದ್ದರೂ ಹೇಳುವ ಚಾಳಿ ನನಗೆ ಅಂಟಿತು. ಹೇಳಿ ಹೇಳಿ, ನನಗೆ ಗೊತ್ತಿದೆ ಎಂದು ನಾನೂ ನಂಬಿಬಿಟ್ಟೆ.

ಆ ಜನವರಿ ಬನದ ಹುಣ್ಣಿಮೆಗೆ ಮನೆಮಂದಿಯೆಲ್ಲ ಬನಶಂಕರಿ ಜಾತ್ರೆಗೆ ಹೋಗಿದ್ದೆವು. ತೇರು ನೋಡಿ, ಹೊಂಡದ ದಂಡೆಯಲ್ಲಿ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿಂದು, ಮಗಳಿಗೆ ಬಳೆ ಏರಿಸಿ, ಬಿಡದೆ ಹಟ ಮಾಡಿದ್ದಕ್ಕೆ ಐಸ್ ಕ್ಯಾಂಡಿಯನ್ನೂ ಕೊಡಿಸಿ, ಬಸ್ಸಿನಲ್ಲಿ ಒಬ್ಬರ ಮೇಲೊಬ್ಬರು ನಿಂತು ಮನೆ ಸೇರಿದೆವು. ಆಗ ಆಕೆಗೆ ಆರು ತುಂಬಿ ಏಳು ನಡೆಯುತ್ತಿತ್ತು. ಮೂರನೆಯ ದಿನ ಶಾಲೆಯಿಂದ ಬಂದವಳೇ ಚೀಲ ಬಿಸಾಕಿ ಕೌದಿ ಹೊದ್ದು ಮಲಗಿದಳು. ಮುಟ್ಟಿದರೆ ಮೈ ಕಾದ ಹಂಚಿನ ಹಾಗಿತ್ತು. ‘ಅಪ್ಪಾ, ಗಂಟ್ಲಾಗ ಚುಚ್ಚಾಕತೈತಿ’ ಅಂದಳು. ಉಗುಳು ನುಂಗಬೇಕಾದಾಗ ಕಣ್ಣು ಮುಚ್ಚಿ, ಕುತ್ತಿಗೆ ಮುಂದೆ ಚಾಚಿ, ಕಲ್ಲು ನುಂಗುವವರಂತೆ ನುಂಗುತ್ತಿದ್ದಳು. ಹೊಟ್ಟೆಯೂ ನೋಯುತ್ತದೆ ಅಂದಳು. ಒಂದು ಸಲ ವಾಂತಿ ಮಾಡಿದಳು. ಕೆಮ್ಮು ಇರಲಿಲ್ಲ. ಮೂಗು ಸೋರುತ್ತಿರಲಿಲ್ಲ.

ಕೊನೆಯ ಆ ಎರಡು ಮಾತು ಬರೆಯುವಾಗ ಇವತ್ತಿಗೂ ಕೈ ತಡೆಯುತ್ತದೆ.

ಸಂಜೆಯ ಹೊತ್ತಿಗೆ ಮನೆಯಲ್ಲಿ ಜ್ವರದ ಕಾರಣಗಳು ಒಂದೊಂದಾಗಿ ಬಂದು ಕೂತವು. ನಮ್ಮವ್ವ ‘ಜಾತ್ರ್ಯಾಗ ಯಾರದರ ಕಣ್ಣ ಬಿದ್ದಿರಬೇಕ’ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆಮೇಲೆ ತನ್ನ ಇಳಕಲ್ ಸೀರೆಯ ಸೆರಗನ್ನೇ ನೀರಿನಲ್ಲಿ ಅದ್ದಿ ಮೊಮ್ಮಗಳ ಹಣೆಯ ಮೇಲೆ ಹಿಡಿದು ಕೂತಳು. ಪಕ್ಕದ ಮನೆಯ ಅಜ್ಜಿ ಬಂದು ‘ಕಿರುನಾಲಿಗಿ ಇಳದೈತಿ, ಎತ್ತಿಸಬೇಕ’ ಅಂದರು. ನಾನು ಇದಾವುದೂ ಅಲ್ಲ, ಐಸ್ ಕ್ಯಾಂಡಿ ಮತ್ತು ಜಾತ್ರೆಯ ಧೂಳು ಎಂದು ತೀರ್ಪು ಕೊಟ್ಟೆ. ಹೆಂಡತಿ ಮಾತ್ರ ಕಾರಣ ಹೇಳಲಿಲ್ಲ. ಮಗಳ ಗದ್ದದ ಕೆಳಗೆ, ಕುತ್ತಿಗೆಯ ಎರಡೂ ಬದಿ ಬೆರಳಿಟ್ಟು ನೋಡಿ, ‘ಇಲ್ಲಿ ಗಂಟ ಗಂಟ ಹತ್ತಾಕತ್ತಾವ್ರೀ, ಮುಟ್ಟಿದ್ರ ನೋವಂತಾಳ. ನೆಗಡಿ ಇಲ್ಲ, ಕೆಮ್ಮ ಇಲ್ಲ, ಉರಿ ನೋಡಿದ್ರ ಇಷ್ಟ ಬಂದಾವ. ದವಾಖಾನಿಗೆ ತೋರಿಸಿಕೊಂಡ ಬರೂಣು ನಡೀರಿ’ ಅಂದಳು. ಆಕೆ ಓದಿದ್ದು ಪಿಯುಸಿವರೆಗೆ. ಆ ರಾತ್ರಿ ನಮ್ಮ ಮನೆಯಲ್ಲಿ ಸರಿಯಾಗಿ ನೋಡಿದವಳು ಆಕೆಯೊಬ್ಬಳೇ.

ನನ್ನ ಮುಂದೆ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಕೆಲಸ ಬಿದ್ದಿತ್ತು. ‘ಇಷ್ಟಕ್ಕೆಲ್ಲಾ ದವಾಖಾನಿ ಬ್ಯಾಡ, ನನಗ ಗೊತ್ತೈತಿ’ ಅಂದೆ. ಫ್ರಿಜ್ಜಿನ ಬಾಗಿಲು ತೆಗೆದೆ.

ಆ ಬಾಟ್ಲಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಿಂದಿನ ಮಳೆಗಾಲದಲ್ಲಿ ದೊಡ್ಡ ಮಗನ ಕಿವಿ ನೋವಿಗೆ ಡಾಕ್ಟರು ಬರೆದುಕೊಟ್ಟದ್ದು. ಪುಡಿಗೆ ಕಾಸಿ ಆರಿಸಿದ ನೀರು ಬೆರೆಸಿ ಕುಲುಕಿ ಕೊಡುವ ಗುಲಾಬಿ ಬಣ್ಣದ ಆಂಟಿಬಯಾಟಿಕ್. ಕಲಸಿದ ಮೇಲೆ ಫ್ರಿಜ್ಜಿನಲ್ಲಿಟ್ಟರೂ ಒಂದು ವಾರಕ್ಕೆ, ಬಹಳ ಅಂದರೆ ಎರಡು ವಾರಕ್ಕೆ ಅದರ ಆಯುಷ್ಯ ಮುಗಿಯುತ್ತದೆ ಎಂದು ಚೀಟಿಯಲ್ಲೇ ಬರೆದಿರುತ್ತದೆ. ಮುಚ್ಚಳದ ಸುತ್ತ ಬಿಳಿ ಹಕ್ಕಳೆ ಕಟ್ಟಿತ್ತು. ತಳದಲ್ಲಿ ಪುಡಿ ಕೂತು ಮೇಲೆ ತಿಳಿ ನಿಂತಿತ್ತು. ನಾನು ಅದನ್ನು ಜೋರಾಗಿ ಕುಲುಕಿ, ಬಣ್ಣ ಮತ್ತೆ ಒಂದೇ ಸಮ ಆದದ್ದು ನೋಡಿ, ಸರಿಯಿದೆ ಅಂದುಕೊಂಡೆ. ಅಳತೆ ಅಂದರೆ ಒಂದು ಮುಚ್ಚಳ. ಜ್ವರಕ್ಕೆ ಮೆಡಿಕಲ್ಲಿನಿಂದ ಪ್ಯಾರಾಸಿಟಮಾಲ್ ತಂದು ಅದನ್ನೂ ಒಂದು ಮುಚ್ಚಳ ಹಾಕಿದೆ. ಆ ಸಿರಪ್ಪಿನಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂನದೂ ಇರುತ್ತದೆ, 250ರದೂ ಇರುತ್ತದೆ, ಮಗುವಿನ ತೂಕ ನೋಡಿ ಕೊಡಬೇಕು. ನಾನು ಬಾಟ್ಲಿ ತಿರುಗಿಸಿ ನೋಡಲಿಲ್ಲ.

ಮೂರನೆಯ ದಿನಕ್ಕೆ ಉರಿ ಇಳಿಯಿತು. ಮಗಳು ಗಂಜಿ ಕುಡಿದಳು, ಅಣ್ಣನ ಜೊತೆ ಜಗಳಾಡಿದಳು. ಅದೇ ಹೊತ್ತಿಗೆ ಬಾಟ್ಲಿಯೂ ತಳ ಕಂಡಿತು. ಎರಡೂ ಒಟ್ಟಿಗೆ ಆದದ್ದು ನನಗೆ ಸಾಕ್ಷಿಯಾಯಿತು. ‘ನೋಡಿದಿ?’ ಎಂದು ಹೆಂಡತಿಯನ್ನು ಕೇಳಿದೆ. ಆಕೆ ‘ಆದ್ರೂ ಒಮ್ಮೆ ತೋರಿಸೂಣಲ್ರೀ’ ಅಂದದ್ದಕ್ಕೆ ಉತ್ತರ ಕೊಡಲಿಲ್ಲ. ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರ ಮಗುವಿಗೆ ಹೀಗೇ ಆಗಿದೆ ಎಂದಾಗ ಔಷಧದ ಹೆಸರು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಆ ಚೀಟಿ ಬಳಸದೆ ಡಾಕ್ಟರಿಗೆ ತೋರಿಸಿದರಂತೆ. ಆಗ ನನಗೆ ಸ್ವಲ್ಪ ಬೇಸರವಾಗಿತ್ತು. ಈಗ ಆ ಮಾತು ನೆನೆದು ನೆಮ್ಮದಿಯಾಗುತ್ತದೆ.

ಮೂರು ವಾರ ಕಳೆದಿತ್ತು. ಒಂದು ಬೆಳಿಗ್ಗೆ ಮಗಳು ಎದ್ದು ನಿಲ್ಲಲಾರದೆ ಗೋಡೆ ಹಿಡಿದಳು. ಬಲ ಮೊಣಕಾಲು ಬಾತಿತ್ತು. ಓಡುವಾಗ ಎಡವಿರಬೇಕು, ಇಲ್ಲ ಬೆಳೆಯುವ ಮಕ್ಕಳ ಕಾಲುನೋವು ಇರಬೇಕು ಎಂದು ಮತ್ತೆ ನಾನೇ ತೀರ್ಮಾನಿಸಿ ಎಳ್ಳೆಣ್ಣೆ ಬೆಚ್ಚಗೆ ಮಾಡಿ ತಿಕ್ಕಿದೆ. ಎರಡು ದಿನಕ್ಕೆ ಆ ಕಾಲು ತಾನಾಗಿ ಇಳಿದು ಎಡಗಾಲಿನ ಹರಡು ಬಾತಿತು. ರಾತ್ರಿ ಹೊದಿಸಲು ಹೋದರೆ ‘ಕೌದಿ ಬ್ಯಾಡಬೇ, ಕಾಲ ನೋಯ್ತೈತಿ’ ಎಂದು ಅತ್ತಳು. ಕೌದಿಯ ಭಾರವನ್ನೂ ತಾಳದ ಕಾಲನ್ನು ನಾನು ಎರಡು ದಿನ ಅಂಗೈಯಿಂದ ತಿಕ್ಕಿದ್ದೆ.

ನಸುಕಿನಲ್ಲಿ ಹೆಂಡತಿ ನನ್ನನ್ನು ಕೇಳಲಿಲ್ಲ. ತಾಯಿ ಕಾರ್ಡು, ಒಂದು ಟವೆಲ್ಲು, ನೀರಿನ ಬಾಟ್ಲಿ ಚೀಲಕ್ಕೆ ಹಾಕಿಕೊಂಡು ಮಗಳನ್ನು ಎತ್ತಿಕೊಂಡು ಹೊರಟಳು. ನಾನು ಹಿಂದಿನಿಂದ ನಡೆದೆ. ಬಾಗಲಕೋಟೆ ಬಸ್ಸು ಅಮೀನಗಡದಲ್ಲಿ ನಿಂತಿತು. ಅಲ್ಲಿ ನಿಂತಾಗಲೆಲ್ಲ ಕರದಂಟು ಕೊಡಿಸುವ ತನಕ ಸುಮ್ಮನಿರದ ಹುಡುಗಿ, ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ. ತನ್ನ ಅವ್ವನ ಹೆಗಲಿನ ಮೇಲೆ ಬಾಯಿ ತೆರೆದು ಸಣ್ಣಗೆ ಏದುಸಿರು ಬಿಡುತ್ತಿದ್ದಳು. ಮೊದಲ ಸಲ ನನಗೆ ಭಯವಾದದ್ದು ಅಲ್ಲಿ.

ಮಕ್ಕಳ ಡಾಕ್ಟರು ನಡುವಯಸ್ಸಿನ ಹೆಣ್ಣುಮಗಳು. ಕಾಲು ನೋಡುತ್ತಾರೆಂದು ನಾವಿದ್ದರೆ ಅವರು ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಎಡಕ್ಕೆ ಹೊರಳಿಸಿ ಮತ್ತೆ ಕೇಳಿದರು. ಆಮೇಲೆ ಸ್ಟೆತೊಸ್ಕೋಪ್ ತೆಗೆದು, ‘ಒಂದ್ ತಿಂಗಳ ಒಳಗ ಈಕಿಗೆ ಗಂಟಲು ನೋವು, ಜ್ವರ ಏನರ ಬಂದಿತ್ತೇನ್ರಿ?’ ಅಂದರು.

‘ಬಂದಿತ್ರಿ.’

‘ಔಷಧ?’

‘ಕೋರ್ಸ್ ಪೂರ್ತಿ ಮಾಡಿಸೀವ್ರಿ ಮೇಡಂ’ ಎಂದೆ. ಯಾಕೆ ಹಾಗೆ ಹೇಳಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎದುರಿಗಿದ್ದದ್ದು ಮಗಳ ಎದೆಯೊಳಗಿನ ಸದ್ದು. ನಾನು ಉಳಿಸಿಕೊಳ್ಳಲು ಹೋದದ್ದು ನನ್ನ ಮರ್ಯಾದೆ. ಹೆಂಡತಿ ನೆಲ ನೋಡುತ್ತಿದ್ದಳು. ಮಲಗಿದ್ದ ಮಗಳು ತಲೆ ಎತ್ತಿ, ತಪ್ಪು ಲೆಕ್ಕ ತಿದ್ದುವ ಹಾಗೆ ಮೆಲ್ಲಗೆ ಹೇಳಿದಳು: ‘ಅಲ್ಲಪ್ಪಾ, ಗುಲಾಬಿ ಔಷಧ ಮೂರ ದಿನಕ್ಕ ಖಾಲಿ ಆತಲ್ಲ. ಅಣ್ಣಂದು.’

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನಾನು ಏನು ಕೆಲಸ ಮಾಡುತ್ತೇನೆಂದು ಕೇಳಿದರು. ವಿಜ್ಞಾನ ಕಲಿಸುತ್ತೇನೆ ಅಂದೆ. ‘ಹಂಗಾದ್ರ ನಿಮಗ ತಿಳೀತದ ಬಿಡ್ರಿ ಮಾಸ್ತರ್ರ’ ಎಂದು ರಕ್ತ ಪರೀಕ್ಷೆಗೂ ಎಕೋಗೂ ಬರೆದುಕೊಟ್ಟರು. ಆ ಮಾತಿನಲ್ಲಿ ಕೊಂಕಿರಲಿಲ್ಲ. ನಾನೇ ತಲೆ ಎತ್ತಲಾಗಲಿಲ್ಲ.

ಎಕೋದಲ್ಲಿ ಎಡಗಡೆಯ ಮೈಟ್ರಲ್ ಕವಾಟ ಸ್ವಲ್ಪ ಸೋರುವುದು ಕಂಡಿತು. ರುಮ್ಯಾಟಿಕ್ ಜ್ವರ. ಆ ಸಂಜೆ ವಾರ್ಡಿನಲ್ಲಿ ಡಾಕ್ಟರು ಹಾಸಿಗೆಯ ಅಂಚಿಗೆ ಕೂತು ನನಗೂ ಹೆಂಡತಿಗೂ ಬಿಡಿಸಿ ಹೇಳಿದ್ದು ಇಷ್ಟು. ಮಕ್ಕಳ ಗಂಟಲು ನೋವಿನಲ್ಲಿ ಹೆಚ್ಚಿನ ಪಾಲು ವೈರಸ್ಸಿನದು. ಮೂಗು ಸೋರುವುದು, ಕೆಮ್ಮು, ಧ್ವನಿ ಒಡೆಯುವುದು, ಕಣ್ಣು ಕೆಂಪಾಗುವುದು ಇವೆಲ್ಲ ಜೊತೆಗಿದ್ದರೆ ಸಾಮಾನ್ಯವಾಗಿ ಅದೇ. ಅದಕ್ಕೆ ಆಂಟಿಬಯಾಟಿಕ್ ಬೇಕಿಲ್ಲ, ಕೊಟ್ಟರೆ ಉಪಯೋಗವೂ ಇಲ್ಲ. ಬಾಯಲ್ಲಿ ಹುಣ್ಣಾಗಿ ಅಂಗೈ, ಅಂಗಾಲಿನಲ್ಲಿ ಗುಳ್ಳೆ ಎದ್ದರೆ ಅದು ಕೈ-ಕಾಲು-ಬಾಯಿ ರೋಗ, ಅದೂ ವೈರಸ್ಸೇ. ಕಿವಿಯ ಕೆಳಗೆ ಕೆನ್ನೆ ಬಾತರೆ ಮಂಗನಬಾವು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಗಂಟಲು ನೋವು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ. ಅದು ಬಂದರೆ ತಟ್ಟನೆ ಜ್ವರ ಏರುತ್ತದೆ, ನುಂಗಲು ಕಷ್ಟ, ಕುತ್ತಿಗೆಯಲ್ಲಿ ನೋಯುವ ಗಂಟು, ಟಾನ್ಸಿಲ್ ಮೇಲೆ ಬಿಳಿ ಚುಕ್ಕಿ, ಮಕ್ಕಳಲ್ಲಿ ಹೊಟ್ಟೆನೋವು, ವಾಂತಿ. ಕೆಮ್ಮು, ನೆಗಡಿ ಸಾಮಾನ್ಯವಾಗಿ ಇರುವುದಿಲ್ಲ. ಹೆಂಡತಿ ಬೆರಳಿಟ್ಟು ಹೇಳಿದ್ದೆಲ್ಲ ಇದೇ.

ಡಾಕ್ಟರು ತಾಯಿ ಕಾರ್ಡು ಕೇಳಿ ತೆಗೆದು ಐದು ವರ್ಷದ ಡಿಪಿಟಿ ಬೂಸ್ಟರ್ ಆಗಿದೆಯೋ ಎಂದೂ ನೋಡಿದರು. ಆಗಿತ್ತು. ಅದೂ ಹೆಂಡತಿಯ ಕೆಲಸ, ಆಶಾ ಕಾರ್ಯಕರ್ತೆ ಬಂದು ಹೇಳಿದ ದಿನವೇ ಕರೆದುಕೊಂಡು ಹೋಗಿದ್ದಳು. ಹಾಕಿಸದ ಮಗುವಿಗೆ ಗಂಟಲು ನೋವು ಬಂದರೆ ಅವರು ಮೊದಲು ಹುಡುಕುವುದು ಗಂಟಲುಮಾರಿಯನ್ನಂತೆ. ಗಂಟಲಿಗೆ ಬೂದುಬಣ್ಣದ ಪೊರೆ ಕಟ್ಟಿ, ಕುತ್ತಿಗೆ ಎತ್ತಿನ ಕುತ್ತಿಗೆಯ ಹಾಗೆ ಬಾತು, ಉಸಿರು ಸಿಗದೆ ಹೋಗುವ ರೋಗ. ನಮ್ಮವ್ವನ ಅಕ್ಕ ಸಣ್ಣವಳಿದ್ದಾಗಲೇ ಇಳಕಲ್ಲಿನಲ್ಲಿ ಅದರಿಂದ ತೀರಿಕೊಂಡಿದ್ದಳು ಎಂಬುದು ನನಗೆ ತಿಳಿದದ್ದು ಆ ಆಸ್ಪತ್ರೆಯ ದಿನಗಳಲ್ಲಿ, ಅವ್ವ ಫೋನಿನಲ್ಲಿ ಹೇಳಿದಾಗ. ಜಾತ್ರೆಯಿಂದ ಬಂದ ಮೊಮ್ಮಗಳು ಗಂಟಲು ನೋವು ಅಂದೊಡನೆ ಆಕೆ ಉಪ್ಪು ನಿವಾಳಿಸಿದ್ದು ಯಾವ ಭಯದಿಂದ ಎಂದು ನಾನು ಕೇಳಿರಲೇ ಇಲ್ಲ. ಜೊಲ್ಲು ಸುರಿಸುತ್ತ ನುಂಗಲಾಗದ ಮಗು, ಉಸಿರಾಡುವಾಗ ಸದ್ದು ಬರುವ ಮಗು, ಬಾಯಿ ತೆರೆಯಲಾಗದ ಮಗು, ಕುತ್ತಿಗೆ ಅಲುಗಾಡಿಸದ ಮಗು, ಇಂಥವರನ್ನು ಬೆಳಗಾಗುವ ತನಕವೂ ಕಾಯಿಸಬಾರದು ಎಂದು ಡಾಕ್ಟರು ಎರಡು ಸಲ ಹೇಳಿದರು.

ಸ್ಟ್ರೆಪ್ಟೊಕಾಕಸ್ಸಿನ ಮೈಮೇಲಿನ ಪ್ರೋಟೀನಿಗೂ ನಮ್ಮ ಹೃದಯ, ಕೀಲುಗಳ ಅಂಗಾಂಶಕ್ಕೂ ಹೋಲಿಕೆಯಿದೆ. ಕೆಲವು ಮಕ್ಕಳಲ್ಲಿ ರೋಗದ ಮೇಲೆ ಏರಿಹೋದ ಮೈಯ ಕಾವಲುಪಡೆ ಗುರುತು ತಪ್ಪಿ ತನ್ನ ಹೃದಯದ ಮೇಲೆಯೇ ಬೀಳುತ್ತದೆ. ಅದು ಗೊತ್ತಾಗುವುದು ಎರಡು-ಮೂರು ವಾರ ಕಳೆದ ಮೇಲೆ, ಗಂಟಲು ನೋವನ್ನು ಎಲ್ಲರೂ ಮರೆತ ಹೊತ್ತಿಗೆ. ಕೀಲುಬಾವು ಒಂದರಿಂದ ಇನ್ನೊಂದಕ್ಕೆ ಜಿಗಿದು ಇಳಿದುಹೋಗುತ್ತದೆ. ಹೃದಯದ ಕವಾಟಕ್ಕೆ ಆದ ಗಾಯ ಉಳಿಯಬಹುದು. ಗಂಟಲು ನೋವು ಬಂದದ್ದೇ ನೆನಪಿಲ್ಲದ ಮನೆಗಳೂ ಬಹಳ ಇರುತ್ತವೆ ಎಂದು ಡಾಕ್ಟರು ಸಮಾಧಾನ ಹೇಳಿದರು. ಆ ಸಮಾಧಾನ ನನಗೆ ಸಲ್ಲುವುದಾಗಿರಲಿಲ್ಲ. ನನಗೆ ನೆನಪಿತ್ತು. ಆಮೇಲೆ ಅವರು ಹೇಳಿದ ಇನ್ನೊಂದು ಮಾತು ನನ್ನನ್ನು ಇಂದಿಗೂ ರಾತ್ರಿ ಎಬ್ಬಿಸುತ್ತದೆ. ಗಂಟಲು ನೋವು ಶುರುವಾಗಿ ಒಂಬತ್ತು ದಿನದೊಳಗೆ ಸರಿಯಾದ ಔಷಧ ಶುರುಮಾಡಿ ಹತ್ತು ದಿನ ಪೂರ್ತಿ ಕೊಟ್ಟರೆ ಹೃದಯಕ್ಕೆ ಬರುವ ಕುತ್ತು ಹೆಚ್ಚುಕಡಿಮೆ ತಪ್ಪುತ್ತದೆಯಂತೆ. ಮೂರನೆಯ ದಿನ ಬಾಟ್ಲಿ ಖಾಲಿಯಾಗಿ ‘ಒಮ್ಮೆ ತೋರಿಸೂಣಲ್ರೀ’ ಅಂದಾಗ ಇನ್ನೂ ಆರು ದಿನ ನನ್ನ ಕೈಯಲ್ಲಿದ್ದವು.

ಎಂಟನೆಯ ತರಗತಿಯಲ್ಲಿ ಸೂಕ್ಷ್ಮಜೀವಿಗಳ ಪಾಠವಿದೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಗಾಜಿನ ತಟ್ಟೆಯಲ್ಲಿ ಬೂಷ್ಟು ಬೆಳೆದದ್ದನ್ನು ನೋಡಿ ಪೆನಿಸಿಲಿನ್ ಕಂಡುಹಿಡಿದ ಕಥೆಯನ್ನು ನಾನು ಪ್ರತಿವರ್ಷ ಉತ್ಸಾಹದಿಂದ ಹೇಳುತ್ತೇನೆ. ಆಂಟಿಬಯಾಟಿಕ್ಕನ್ನು ಡಾಕ್ಟರು ಹೇಳಿದಾಗ ಮಾತ್ರ ತೆಗೆದುಕೊಳ್ಳಬೇಕು, ಕೋರ್ಸ್ ಪೂರ್ತಿ ಮಾಡಬೇಕು ಎಂಬುದೂ ಅದೇ ಪಾಠದಲ್ಲಿದೆ. ಅದನ್ನು ಪರೀಕ್ಷೆಗೆ ಕೇಳಿ ಅಂಕ ಕೊಟ್ಟಿದ್ದೇನೆ. ಅದೇ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪಡೆದು ಮಾಡಿದ ಭಾಷಣದಲ್ಲಿ, ಗಂಟಲು ನೋವು ಬಂದ ಒಬ್ಬ ಮನುಷ್ಯನ ಕಥೆಯನ್ನು ಕಲ್ಪಿಸಿ ಹೇಳಿದ್ದ. ಆತ ತಾನೇ ಪೆನಿಸಿಲಿನ್ ಕೊಂಡು, ಸಾಲುವಷ್ಟು ತೆಗೆದುಕೊಳ್ಳದೆ, ಸಾಯದೆ ಉಳಿದ ರೋಗಾಣುವನ್ನು ಹೆಂಡತಿಗೆ ದಾಟಿಸಿ ಆಕೆಯನ್ನು ಕಳೆದುಕೊಳ್ಳುತ್ತಾನೆ. ಆಸ್ಪತ್ರೆಯ ವರಾಂಡದಲ್ಲಿ ಕೂತು ಮೊಬೈಲಿನಲ್ಲಿ ಇದನ್ನು ಓದಿದಾಗ ನನ್ನ ಮನೆಯನ್ನೇ ಯಾರೋ ಮುಂಚೆ ಕಂಡು ಹೇಳಿದ ಹಾಗಾಯಿತು. ಹೆಚ್ಚು ನೋವಿನ ಸಂಗತಿಯೆಂದರೆ, ಎಷ್ಟೋ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗಿರುವ ಈ ಕಾಲದಲ್ಲೂ ಈ ಸ್ಟ್ರೆಪ್ಟೊಕಾಕಸ್ ಪೆನಿಸಿಲಿನ್‌ಗೆ ಬಗ್ಗುತ್ತದೆ. ಔಷಧ ಇತ್ತು, ದುಬಾರಿಯೂ ಅಲ್ಲ.

ನಮ್ಮ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಮನೆಮನೆಯಲ್ಲಿ ‘ನಿಮ್ಮ ದುಶ್ಚಟ ನನಗೆ ಭಿಕ್ಷೆ ಹಾಕಿರಿ’ ಎಂದು ಬೇಡುತ್ತಿದ್ದರು. ಜನ ಬೀಡಿ, ತಂಬಾಕು, ಸೆರೆಯ ಚಟವನ್ನು ಆ ಜೋಳಿಗೆಗೆ ಹಾಕಿ ಕೈ ಮುಗಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಶಾಲೆಯಲ್ಲಿ ಆ ದಿನ ಭಾಷಣ ಮಾಡುವವನು ನಾನೇ. ನನಗೆ ಯಾವ ಚಟವೂ ಇಲ್ಲ ಎಂದು ವೇದಿಕೆಯ ಮೇಲಿಂದ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ‘ನನಗ ಗೊತ್ತೈತಿ’ ಎಂಬ ಎರಡು ಮಾತು ಹತ್ತು ಹದಿನೈದು ವರ್ಷ ನನ್ನ ನಾಲಿಗೆಯ ಮೇಲಿದ್ದವು. ಅವು ಹೆಂಡತಿಯ ಮಾತನ್ನು, ಅವ್ವನ ಭಯವನ್ನು, ಕೊನೆಗೆ ಮಗಳು ‘ಚುಚ್ಚಾಕತೈತಿ’ ಅಂದದ್ದನ್ನೂ ಕೇಳಗೊಡಲಿಲ್ಲ. ಆ ರಾತ್ರಿ ಬ್ಯಾಟರಿ ಹಿಡಿದು ಒಮ್ಮೆ ಆಕೆಯ ಬಾಯಿ ತೆಗೆಸಿ ನೋಡುವಷ್ಟೂ ಬಿಡುವು ನನಗಿರಲಿಲ್ಲ.

ಪೆನಿಸಿಲಿನ್ ಸೂಜಿ ಬಲು ನೋವಿನದು. ಬಿಳಿ ಪುಡಿಗೆ ನೀರು ಬೆರೆಸಿ ಎರಡೂ ಅಂಗೈ ನಡುವೆ ಹೊರಳಿಸಿದರೆ ಹಾಲಿನ ಹಾಗೆ ಮಂದವಾಗುತ್ತದೆ. ದಪ್ಪ ಸೂಜಿ ಬೇಕು, ನಿಧಾನ ಮಾಡಿದರೆ ಸೂಜಿಯ ತುದಿಯಲ್ಲೇ ಕಟ್ಟುತ್ತದೆ. ಮಾಡಿದ ಮೇಲೆ ಅರ್ಧ ಗಂಟೆ ಅಲ್ಲೇ ಬೆಂಚಿನ ಮೇಲೆ ಕೂತಿರಬೇಕು. ಮತ್ತೊಮ್ಮೆ ಸ್ಟ್ರೆಪ್ಟೊಕಾಕಸ್ ಬಂದರೆ ಕವಾಟ ಇನ್ನಷ್ಟು ಹಾಳಾಗಬಹುದು, ಅದಕ್ಕೇ ಈ ಕಾವಲು, ವರ್ಷಗಟ್ಟಲೆ. ಮೊದಲ ವರ್ಷ ಮಗಳು ಹಿಂದಿನ ರಾತ್ರಿಯಿಂದಲೇ ಅಳುತ್ತಿದ್ದಳು. ಈಗ ಅಳುವುದಿಲ್ಲ. ಮಂಚದ ಮೇಲೆ ಬೋರಲು ಮಲಗಿ ನನ್ನ ಹೆಬ್ಬೆರಳು ಹಿಡಿದುಕೊಳ್ಳುತ್ತಾಳೆ, ಔಷಧ ಒಳಗೆ ಹೋಗುವ ತನಕ ಒಂದೇ ಸಮ ಹಿಚುಕುತ್ತಾಳೆ. ಕಳೆದ ಎಕೋದಲ್ಲಿ ಸೋರಿಕೆ ಕಡಿಮೆಯಾಗಿದೆ ಅಂದರು.

ಹೋದ ತಿಂಗಳು ಆಕೆಗೆ ಮತ್ತೆ ಗಂಟಲು ನೋವು, ಸಣ್ಣ ಉರಿ ಬಂತು. ಸೀನು, ಮೂಗು ಸೋರುವುದು, ಒಡಕು ಧ್ವನಿ. ವೈರಸ್ಸೇ ಇರಬೇಕು ಎಂದು ಮನಸ್ಸಿಗೆ ಹೊಳೆಯಿತು. ಹೊಳೆದದ್ದನ್ನು ಬಾಯಿಂದ ಹೊರಗೆ ಬಿಡಲಿಲ್ಲ. ಅದೇ ಸಂಜೆ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಬಾಯಿ ನೋಡಿ, ಕುತ್ತಿಗೆ ಮುಟ್ಟಿ, ಎದೆ ಕೇಳಿ, ಇದು ಸುಮ್ಮನೆ ನೆಗಡಿ, ಆಂಟಿಬಯಾಟಿಕ್ ಬೇಡ, ಸೂಜಿಯ ತಾರೀಖು ಮಾತ್ರ ತಪ್ಪಿಸಬೇಡಿ ಅಂದರು. ಪ್ಯಾರಾಸಿಟಮಾಲ್ ಎಷ್ಟು ಎಂಎಲ್ ಎಂದು ತೂಕ ನೋಡಿ ಚೀಟಿಯಲ್ಲಿ ಬರೆದುಕೊಟ್ಟರು. ಬರಿಗೈಯಲ್ಲಿ ಮನೆಗೆ ಬಂದದ್ದು ನೋಡಿ ಬಾಗಿಲಲ್ಲಿ ಕೂತಿದ್ದ ಅವ್ವ, ‘ಔಷಧಾನ ಕೊಡಲಿಲ್ಲೇನೋ?’ ಅಂದಳು.

‘ಬ್ಯಾಡಂತಬೇ.’

‘ಬ್ಯಾಡಂದ್ರ ಛಲೋನ ಆತು’ ಎಂದು ಅವ್ವ ಮೊಮ್ಮಗಳ ಹಣೆ ಮುಟ್ಟಿ ನೋಡಿದಳು. ಒಳಗೆ ಹೆಂಡತಿ ಗಂಜಿಗೆ ಇಡುತ್ತಿದ್ದಳು. ಮಗಳು ಕ್ಯಾಲೆಂಡರಿನ ಮುಂದೆ ನಿಂತು, ಮುಂದಿನ ಕೆಂಪು ಗುರುತಿಗೆ ಇನ್ನೆಷ್ಟು ದಿನ ಎಂದು ಬೆರಳಿಟ್ಟು ಎಣಿಸುತ್ತಿದ್ದಳು.